ನೆಟ್ಟಗೆ ನಿಂತ ಗೆರೆ

“ಟಿಕೆಟ್ ದರ ಎಷ್ಟಾದರೆ ನೀವು ಈ ಲಾಂಚ್ ಹತ್ತೋದನ್ನ ಬಿಡ್ತೀರಿ?”

ಬೆಳಿಗ್ಗೆ ಏಳೂವರೆಯ ಲಾಂಚ್. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿದಳು. ಎದುರಿಗೆ ಒಬ್ಬ ಅಪರಿಚಿತ. ಕೊರಳಲ್ಲಿ ನಗರಸಭೆಯ ಗುರುತಿನ ಚೀಟಿ, ಕೈಯಲ್ಲಿ ಕ್ಲಿಪ್ ಹಾಕಿದ ಹಾಳೆಗಳು, ಕಿವಿಯ ಮೇಲೆ ಪೆನ್ಸಿಲ್. ಹಿಡಿದುಕೊಳ್ಳಲು ಕಂಬಿ ಇದೆ ಎನ್ನುವುದು ಕೂಡ ಗೊತ್ತಿಲ್ಲದೆ, ಲಾಂಚ್ ಅಲುಗಿದಾಗಲೆಲ್ಲ ಕಾಲು ಅಗಲಿಸಿ ನಿಲ್ಲುತ್ತಿದ್ದ.

ಇವನೇ ಇರಬೇಕು… ಅಂದುಕೊಂಡಳು.

ಹೋದ ವಾರವಷ್ಟೇ ಟಿಕೆಟ್ ಕಿಟಕಿಯ ಪಕ್ಕ ನಗರಸಭೆಯ ನೋಟಿಸು ಅಂಟಿಸಿದ್ದರು. ಈ ಲಾಂಚಿನಿಂದ ದಿನಕ್ಕೆ ಆರುನೂರು ನಾಣ್ಯ ನಷ್ಟ. ತಿಂಗಳ ಕೊನೆಯ ಸಭೆಯೊಳಗೆ ಯಾವ ದಾರಿಯೂ ಕಾಣದಿದ್ದರೆ ಲಾಂಚ್ ನಿಲ್ಲಿಸಲಾಗುವುದು. ದಾರಿ ಹುಡುಕಲು ಒಬ್ಬ ಅರ್ಥಶಾಸ್ತ್ರಜ್ಞರನ್ನು ನೇಮಿಸಲಾಗಿದೆ.

ಮೂವತ್ತೊಂದು ವರ್ಷದಿಂದ ಆ ಲಾಂಚ್ ಓಡಿಸುತ್ತಿದ್ದವರು ಅವಳ ಅಪ್ಪ. ಅವಳು ನಡೆಯಲು ಕಲಿತದ್ದು ಇದೇ ಹಲಗೆಗಳ ಮೇಲೆ. ಈಗ ಹತ್ತು ವರ್ಷದಿಂದ ಆಚೆ ದಡದ ಶಾಲೆಯಲ್ಲಿ ಗಣಿತ ಕಲಿಸಲು ಹೋಗಿಬರುವುದೂ ಇದರಲ್ಲೇ. ಅದನ್ನು ನಿಲ್ಲಿಸುವ ಮಾತನ್ನು ನಿನ್ನೆ ಬಂದವನೊಬ್ಬ ಪೆನ್ಸಿಲ್ ಹಿಡಿದು ಕೇಳುವುದೇ?

“ಬರ್ಕೊಳ್ಳಿ,” ಅಂದಳು. “ಈ ಲಾಂಚ್ ಓಡಿಸೋದು ನಮ್ಮಪ್ಪ. ದರ ಎಂಟಿರಲಿ, ಎಂಬತ್ತಿರಲಿ, ನಾನು ಹತ್ತೋದೇ.”

ಅವನಿಗೆ ಕೋಪ ಬರಲಿಲ್ಲ. ಹೇಳಿದ್ದನ್ನು ಹಾಗೇ ಬರೆದುಕೊಂಡ.

“ಹಾಗಾದ್ರೆ ನೀವು ನೆಟ್ಟಗೆ ನಿಂತ ಗೆರೆ.”

“ಏನಂದ್ರಿ?”

“ನಮ್ಮ ಲೆಕ್ಕದಲ್ಲಿ ಹಾಗೆ. ಬೆಲೆ ಏನೇ ಆದ್ರೂ ಬದಲಾಗದವರನ್ನ ನೆಟ್ಟಗೆ ನಿಂತ ಗೆರೆಯಾಗಿ ಬರೀತೀವಿ. ಮೂರು ದಿನದಿಂದ ಕೇಳ್ತಾ ಇದ್ದೀನಿ, ಅಂಥವರು ನೀವೇ ಮೊದಲು.”

ಅಷ್ಟು ಹೇಳಿ ಮುಂದಿನ ಬೆಂಚಿಗೆ ಹೋದ. ಅವಳಿಗೆ ಒಳಗೊಳಗೇ ನಗು. ಬದಲಾಗದ್ದು ಯಾವತ್ತೂ ಮಲಗಿದ ಗೆರೆ, ನಿಂತ ಗೆರೆಯಲ್ಲ. ಅವಳ ಎಂಟನೇ ತರಗತಿಯ ಮಕ್ಕಳಿಗೂ ಅದು ಗೊತ್ತು. ಇಷ್ಟು ಓದಿ ಬಂದವನಿಗೆ ಒಂದು ಗ್ರಾಫ್ ಬರುವುದಿಲ್ಲ, ಇವನು ಲಾಂಚ್ ಉಳಿಸುತ್ತಾನಂತೆ!

ಕರೆದು ತಿದ್ದಬಹುದಿತ್ತು. ಆದರೆ ಮಡಿಲಲ್ಲಿ ನಲವತ್ತು ಉತ್ತರಪತ್ರಿಕೆ ಇದ್ದವು, ನಲವತ್ತೊಂದನೆಯದನ್ನು ತಿದ್ದುವ ವ್ಯವಧಾನ ಅವಳಿಗಿರಲಿಲ್ಲ. ಅಂದೇ ತಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನನಗೆ ಹೇಳಲು ಈ ಕಥೆಯೂ ಇರುತ್ತಿರಲಿಲ್ಲ, ಅದು ಬೇರೆ ಮಾತು.

* * *

ಮೂರು ವಾರ ಅವನು ಲಾಂಚಿನಲ್ಲೇ ಬೀಡುಬಿಟ್ಟ. ಆರೂವರೆಯ ಮೊದಲ ಲಾಂಚಿನಿಂದ ಸಂಜೆ ಆರರ ಕೊನೆಯದರವರೆಗೆ ಕಂಡವರಿಗೆಲ್ಲ ಅದೇ ಪ್ರಶ್ನೆ. ದರ ಎರಡಾದರೆ? ಐದಾದರೆ? ಹತ್ತಾದರೆ? ಹದಿನೈದಾದರೆ? ಅಪ್ಪ ಅವನಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟರು. ಎರಡೇ ದಿನದಲ್ಲಿ ಎರಡು ದಡದ ಜನಕ್ಕೂ ಅವನ ನಿಜವಾದ ಹೆಸರು ಮರೆತುಹೋಯಿತು.

ಪ್ರಶ್ನೆಪತ್ರಿಕೆಯ ಪೆನ್ಸಿಲ್ ಮಾತ್ರ ದಿನವೂ ಮುರಿಯುತ್ತಿತ್ತು. ಅದೂ ಏಳೂವರೆಯ ಲಾಂಚಿನಲ್ಲೇ. ಟೀಚರ್ ಹತ್ತಿರ ಶಾರ್ಪ್‌ನರ್ ಇರುತ್ತದೆ ಎಂದು ಅವನು ಬರುವುದು, ಅವಳು ಮುಖ ನೋಡದೆ ಕೊಡುವುದು, ಅವನು ಅಲ್ಲೇ ಕೂತು ಚೂಪು ಮಾಡುವುದು. ಟಿಕೆಟ್ ಕಿಟಕಿಯಲ್ಲಿ ಕೂರುವ ಸೋದರತ್ತೆಯ ಕಣ್ಣು ತಪ್ಪಿಸಿ ಆ ದಡದಲ್ಲಿ ಏನೂ ನಡೆಯುವಂತಿರಲಿಲ್ಲ.

“ಸಂಜೆ ಲಾಂಚಲ್ಲಿ ಅವನ ಪೆನ್ಸಿಲ್ ಮುರಿಯೋದೇ ಇಲ್ಲ ಕಣೇ,” ಅಂದರು ಒಂದು ದಿನ, ಚಿಲ್ಲರೆ ಎಣಿಸುತ್ತ. “ಬೆಳಿಗ್ಗೆದಕ್ಕೆ ಮಾತ್ರ ಏನು ಬಂದಿದೆಯೋ.”

ಅವಳು ಕೇಳಿಸದವಳಂತೆ ನಡೆದುಬಿಟ್ಟಳು. ಆದರೆ ಮರುದಿನ ಶಾರ್ಪ್‌ನರ್ ಚೀಲದ ಹೊರಗಿನ ಜೇಬಿಗೆ ಬಂದಿತ್ತು. ಬೇಗ ಸಿಗಲಿ ಎಂದು, ಅಷ್ಟೇ!

ಎರಡನೆಯ ವಾರಕ್ಕೆ ಅಪ್ಪ ಅವನನ್ನು ತಮ್ಮ ಕ್ಯಾಬಿನ್ನಿಗೆ ಕರೆದು ಚಹಾ ಕೊಡತೊಡಗಿದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ಕ್ಯಾಬಿನ್ನಿಗೆ ಕಾಲಿಟ್ಟರೆ ಇಬ್ಬರೂ ಹಳೆಯ ಸ್ನೇಹಿತರಂತೆ ಕೂತಿದ್ದಾರೆ. ಅವನ ತೊಡೆಯ ಮೇಲೆ ಅಕ್ಷರ, ಅಂಕಿ ತುಂಬಿದ ಹಾಳೆ. ಅವಳಿಗೆ ಸುಮ್ಮನಿರಲು ಆಗಲಿಲ್ಲ.

“ಮನುಷ್ಯರನ್ನ ಹಿಡಿದು ಒಂದು ಅಕ್ಷರ ಮಾಡಿಬಿಡ್ತೀರಲ್ಲ, ನಿಮಗೆ ಏನೂ ಅನ್ಸಲ್ವಾ?”

ಅವನು ಚಹಾದ ಲೋಟ ಕೆಳಗಿಟ್ಟ. “ಮಕ್ಕಳಿಗೆ ನೀವು ಎಕ್ಸ್ ಅಂದ್ರೆ ಏನು ಅಂತ ಹೇಳಿಕೊಡ್ತೀರಿ?”

“ನಮಗೆ ಗೊತ್ತಿಲ್ಲದ್ದು ಅಂತ.”

“ನಂದೂ ಅಷ್ಟೇ. ಗೊತ್ತಿಲ್ಲ ಅಂತ ಒಪ್ಕೊಂಡು ಒಂದು ಅಕ್ಷರ ಇಡ್ತೀನಿ, ಆಮೇಲೆ ಕೇಳ್ತಾ ಹೋಗ್ತೀನಿ. ಎಲ್ಲ ಗೊತ್ತು ಅನ್ಕೊಂಡವರು ಅಕ್ಷರ ಇಡಲ್ಲ. ನೇರವಾಗಿ ಅಂಕಿನೇ ಇಟ್ಟುಬಿಡ್ತಾರೆ.”

ಆಮೇಲೆ ಅವನು ಇನ್ನೊಂದು ವಿಷಯ ಹೇಳಿದ. ಏಳೂವರೆಯ ಲಾಂಚಿನಲ್ಲಿ ದಿನವೂ ಅವಳ ಹಿಂದಿನ ಬೆಂಚಿನಲ್ಲಿ ಕೂರುವ, ಆಚೆ ದಡದ ಆಸ್ಪತ್ರೆಯಲ್ಲಿ ನೆಲ ಒರೆಸುವ ಅಕ್ಕ ಇದ್ದಾರಲ್ಲ… ಅವರು ಸಂಜೆಯ ಲಾಂಚಿನಲ್ಲಿ ಕಾಣುವುದೇ ಇಲ್ಲ, ಗಮನಿಸಿದ್ದೀರಾ ಎಂದು ಕೇಳಿದ. ಅವಳು ಗಮನಿಸಿರಲಿಲ್ಲ. ದಿನಕ್ಕೆ ಎರಡು ಸಲ ಎಂಟೆಂಟು ನಾಣ್ಯ ಕೊಡಲು ಆ ಅಕ್ಕನಿಗೆ ಆಗುವುದಿಲ್ಲವಂತೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹಾಜರಿ ಹಾಕಬೇಕಲ್ಲ, ಅದಕ್ಕೆ ಲಾಂಚ್. ಸಂಜೆ ಸೇತುವೆ ಸುತ್ತಿ ಒಂದೂವರೆ ಗಂಟೆ ನಡೆದು ಮನೆಗೆ. ಆ ಆಸ್ಪತ್ರೆಯಲ್ಲಿ ಅಂಥವರು ಇನ್ನೂ ಮೂವತ್ತು ಜನ ಇದ್ದಾರಂತೆ.

ಹತ್ತು ವರ್ಷ ಅವಳು ಆ ಅಕ್ಕನಿಗೆ ದಿನವೂ ನಕ್ಕು ತಲೆಯಾಡಿಸಿದ್ದಳು. ಸಂಜೆ ನೀವು ಹೇಗೆ ಮನೆಗೆ ಹೋಗುತ್ತೀರಿ ಎಂದು ಒಂದು ದಿನವಾದರೂ ಕೇಳಿರಲಿಲ್ಲ. ಇವನು ಕೇಳಿದ್ದ.

ಆ ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ತನ್ನ ಮನಸ್ಸು ಗೊತ್ತಾಯಿತು. ಅಯ್ಯೋ ದೇವರೇ, ನನಗೆ ಈ ಪ್ರಶ್ನೆಪತ್ರಿಕೆ ಇಷ್ಟವಾಗಿಬಿಟ್ಟಿದ್ದಾನೆ…

* * *

ಸಭೆಗೆ ನಾಲ್ಕು ದಿನ ಬಾಕಿ ಇರುವಾಗ ವರದಿ ಬರೆದು ಮುಗಿಯಿತೆಂದು ಅವನೇ ಬಂದು ಹೇಳಿದ.

“ದರ ಬದಲಾಗುತ್ತಾ?”

“ಬದಲಾಗುತ್ತೆ. ಅದಕ್ಕಿಂತ ಹೆಚ್ಚು ಸಭೆಗೆ ಮುಂಚೆ ಹೇಳೋ ಹಾಗಿಲ್ಲ, ನಿಯಮ ಇದೆ. ನನ್ನ ಮೇಲೆ ನಂಬಿಕೆ ಇಡಿ.”

ನಂಬಿಕೆ ಇಟ್ಟಳು. ಸರಿಯಾಗಿ ಒಂದು ಗಂಟೆ.

ಅಪ್ಪನಿಗೆ ಊಟದ ಡಬ್ಬಿ ಕೊಡಲು ಕ್ಯಾಬಿನ್ನಿಗೆ ಹೋದಾಗ ಚಹಾದ ಲೋಟದ ಕೆಳಗೆ ಒಂದು ಗ್ರಾಫ್ ಹಾಳೆ ಸಿಕ್ಕಿತು. ಅವನದೇ. ಮರೆತು ಹೋಗಿದ್ದ. ಅಡ್ಡಕ್ಕೊಂದು ಗೆರೆ, ನೆಟ್ಟಗೊಂದು ಗೆರೆ, ನಡುವೆ ಎಡದಿಂದ ಬಲಕ್ಕೆ ಇಳಿಯುವ ಒಂದು ಓರೆ ಗೆರೆ. ಯಾವ ಗೆರೆ ಯಾವುದರದ್ದು ಎಂದು ಹೆಸರು ಬರೆದಿರಲಿಲ್ಲ. ತನಗಾಗಿ ಬರೆದುಕೊಂಡದ್ದಕ್ಕೆ ಯಾರು ಹೆಸರು ಬರೆಯುತ್ತಾರೆ? ಓರೆ ಗೆರೆಯ ಮೇಲೆ ಎರಡು ಚುಕ್ಕೆ. ಮೊದಲನೆಯದು ಅಡ್ಡಕ್ಕೂ ಎಂಟು, ನೆಟ್ಟಗೂ ಎಂಟು; ಪಕ್ಕದಲ್ಲಿ ‘ಈಗ’ ಎಂದಿತ್ತು. ಸರಿ, ಈಗ ದರ ಎಂಟು ನಾಣ್ಯ, ದಿನಕ್ಕೆ ಎಂಟುನೂರು ಜನ. ಎರಡನೆಯ ಚುಕ್ಕೆಗೆ ಸುತ್ತು ಹಾಕಿ ‘ಇಲ್ಲಿಗೆ’ ಎಂದು ಬರೆದಿದ್ದ. ಅಡ್ಡಕ್ಕೆ ಹನ್ನೆರಡು, ನೆಟ್ಟಗೆ ಆರು.

ಕಾರಣ ಅಡ್ಡ ಗೆರೆಯ ಮೇಲೆ, ಪರಿಣಾಮ ನೆಟ್ಟಗಿನ ಗೆರೆಯ ಮೇಲೆ. ಹತ್ತು ವರ್ಷದಿಂದ ಅವಳು ಮಕ್ಕಳಿಗೆ ಕಲಿಸಿದ್ದು ಇದನ್ನೇ. ದರದಿಂದ ತಾನೇ ಜನ ಹೆಚ್ಚುಕಡಿಮೆ ಆಗುವುದು? ಹಾಗಾಗಿ ಅಡ್ಡಕ್ಕಿರುವುದು ದರ. ದರ ಹನ್ನೆರಡು. ಜನ ಆರುನೂರು.

ಹನ್ನೆರಡು ನಾಣ್ಯ!

ಗುಣಿಸಿ ನೋಡಿದಳು. ದಿನಕ್ಕೆ ಏಳು ಸಾವಿರದ ಇನ್ನೂರು. ಲಾಂಚಿನ ದಿನದ ಖರ್ಚು ಏಳು ಸಾವಿರ. ನಷ್ಟ ಹೋಗಿ ಇನ್ನೂರು ಮಿಗುತ್ತದೆ. ಲೆಕ್ಕದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

ಆದರೆ ಬಿಟ್ಟುಹೋಗುವ ಆ ಇನ್ನೂರು ಜನ ಯಾರು? ಆಸ್ಪತ್ರೆಯ ಅಕ್ಕ. ಅವಳ ತರಗತಿಯ ಹಿಂದಿನ ಬೆಂಚಿನ ಮಕ್ಕಳು. ಅವರನ್ನೆಲ್ಲ ಕೂರಿಸಿಕೊಂಡು, ಕಷ್ಟ ಕೇಳಿ, ಬರೆದುಕೊಂಡು… ಕೊನೆಗೆ ಯಾರನ್ನು ಇಳಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ನೋಡುತ್ತಿದ್ದನೇ ಇವನು?

ಕಣ್ಣಲ್ಲಿ ನೀರು ತುಂಬಿತು. ಮೋಸ ಹೋದೆ ಅನ್ನಿಸಿತು. ಅದೇ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಳು: ‘ಲೆಕ್ಕ ಸರಿಯಿದೆ. ಮನುಷ್ಯ ಸರಿಯಿಲ್ಲ.’ ಮಡಚಿ, ಅವನಿಗೆ ಕೊಡಲು ಅತ್ತೆಯ ಕೈಗಿತ್ತಳು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಆ ರಾತ್ರಿಯೇ ಒಂದು ಮನವಿ ಬರೆದಳು: ಪ್ರಯಾಣಿಕರಾದ ನಾವು ಈ ವರದಿಯನ್ನು ಒಪ್ಪುವುದಿಲ್ಲ, ಸಭೆ ಇದನ್ನು ತಳ್ಳಿಹಾಕಬೇಕು. ಟೀಚರ್ ಬರೆದದ್ದಲ್ಲವೇ, ಮೂರು ದಿನದಲ್ಲಿ ಮುನ್ನೂರ ಹನ್ನೆರಡು ಸಹಿ ಬಿದ್ದವು. ಆಸ್ಪತ್ರೆಯ ಅಕ್ಕ ಮಾತ್ರ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆ ಹುಡುಗ ಒಳ್ಳೆಯವನ ಹಾಗೆ ಕಂಡನಲ್ಲ ಟೀಚರ್, ಅಂದರು. ನನಗೂ ಹಾಗೇ ಕಂಡಿದ್ದ ಅಕ್ಕ, ಅಂದಳು ಇವಳು.

ಅವನು ಏಳೂವರೆಯ ಲಾಂಚಿನಲ್ಲಿ ಅವಳಿಗಾಗಿ ಕಾದ. ಅವಳು ಆರೂವರೆಯದಕ್ಕೆ ಹೋಗತೊಡಗಿದ್ದಳು. ಕ್ಯಾಬಿನ್ನಿಗೆ ಬಂದರೆ ಅಪ್ಪ ಬಾಗಿಲು ಹಾಕಿಕೊಂಡರು. ಮೂರನೆಯ ದಿನ ಅವನು ದಡಕ್ಕೇ ಬರಲಿಲ್ಲ.

* * *

ಗುರುವಾರ. ಹತ್ತೂವರೆಗೆ ಸಭೆ. ಅಪ್ಪ ಒಂಬತ್ತಕ್ಕೇ ಮನವಿಯನ್ನು ನಗರಸಭೆಯ ಕಾರ್ಯದರ್ಶಿಯ ಕೈಗೆ ಕೊಟ್ಟಾಗಿತ್ತು.

ಅವಳಿಗೆ ಎರಡನೆಯ ಪೀರಿಯಡ್ ಹತ್ತನೇ ತರಗತಿ. ಅದಕ್ಕೂ ಮುಂಚೆ ಆ ಕೋಣೆಯಲ್ಲಿ ಅರ್ಥಶಾಸ್ತ್ರದ ಮೇಡಂ ಪಾಠ ಮಾಡಿ ಹೋಗುತ್ತಾರೆ, ಬೋರ್ಡ್ ಒರೆಸದೆ ಹೋಗುತ್ತಾರೆ. ಅದು ಸ್ಟಾಫ್‌ರೂಮಿನ ಆರು ವರ್ಷದ ಜಗಳ. ಇವತ್ತೂ ಒರೆಸಿರಲಿಲ್ಲ. ಯಾವತ್ತೂ ಓದದೆ ಒರೆಸುವವಳು ಗೊಣಗುತ್ತ ಡಸ್ಟರ್ ಎತ್ತಿದಳು, ಕೈ ಅರ್ಧಕ್ಕೇ ನಿಂತಿತು.

ಬೋರ್ಡ್ ತುಂಬ ಒಂದು ಗ್ರಾಫ್. ಎಡದಿಂದ ಬಲಕ್ಕೆ ಇಳಿಯುವ ಓರೆ ಗೆರೆ. ಅಡ್ಡ ಗೆರೆಯ ಕೆಳಗೆ ‘ಎಷ್ಟು ಕೊಳ್ಳುತ್ತಾರೆ’ ಎಂದಿತ್ತು. ನೆಟ್ಟಗಿನ ಗೆರೆಯ ಪಕ್ಕ ‘ಬೆಲೆ’ ಎಂದಿತ್ತು. ಮೂಲೆಯಲ್ಲಿ ಕಂಬದ ಹಾಗೆ ನಿಂತ ಇನ್ನೊಂದು ಗೆರೆ. ಅದರ ಕೆಳಗೆ: ‘ಬೆಲೆ ಏನೇ ಆದರೂ ಬದಲಾಗದವರು. ಉದಾಹರಣೆ, ಔಷಧಿ ಬೇಕಾದ ರೋಗಿ.’

ನೆಟ್ಟಗೆ ನಿಂತ ಗೆರೆ…

ಅವಳ ಕೈಯಿಂದ ಡಸ್ಟರ್ ಬಿತ್ತು. ಮಕ್ಕಳು ನಕ್ಕರು. ಅವಳು ಕಾರಿಡಾರಿಗೆ ಓಡಿ ಮೇಡಂರನ್ನು ಹಿಡಿದಳು. ಬೆಲೆಯನ್ನು ನೆಟ್ಟಗಿನ ಗೆರೆಯ ಮೇಲೆ ಯಾಕೆ ಹಾಕಿದ್ದೀರಿ ಎಂದು ಕೇಳಿದಳು.

“ಅರ್ಥಶಾಸ್ತ್ರದಲ್ಲಿ ಯಾವಾಗ್ಲೂ ಹಾಗೇನಮ್ಮ,” ಅಂದರು ಮೇಡಂ ಆರಾಮಾಗಿ. “ನಿಮ್ಮ ಗಣಿತದವರಿಗೆ ತಲೆಕೆಳಗು ಅನ್ಸುತ್ತೆ. ಮೊದಲಿಂದ ಹಾಗೇ ಬಂದುಬಿಟ್ಟಿದೆ, ನಾವೂ ಬಿಟ್ಟಿಲ್ಲ. ಯಾಕೆ, ಮುಖ ಯಾಕೆ ಹೀಗಾಯ್ತು?”

ಅವಳು ಗೋಡೆಗೆ ಒರಗಿದಳು. ಅಡ್ಡಕ್ಕಿರುವುದು ಜನ. ನೆಟ್ಟಗಿರುವುದು ದರ. ಹನ್ನೆರಡು ನಾಣ್ಯಕ್ಕೆ ಆರುನೂರು ಜನ ಅಲ್ಲ… ಆರು ನಾಣ್ಯಕ್ಕೆ ಹನ್ನೆರಡು ನೂರು ಜನ! ಹೇಗೆ ಗುಣಿಸಿದರೂ ಅದೇ ಏಳು ಸಾವಿರದ ಇನ್ನೂರು. ‘ಈಗ’ ಎನ್ನುವ ಚುಕ್ಕೆ ಎರಡೂ ಕಡೆ ಎಂಟು. ಯಾವ ಕಡೆಯಿಂದ ಓದಿದರೂ ಲೆಕ್ಕ ಸರಿ ಬರುತ್ತಿತ್ತು. ಅದಕ್ಕೇ ಅವಳಿಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

ಅವನು ಯಾರನ್ನೂ ಇಳಿಸುತ್ತಿರಲಿಲ್ಲ. ನಾನೂರು ಜನರನ್ನು ಹತ್ತಿಸುತ್ತಿದ್ದ. ಆಸ್ಪತ್ರೆಯ ಅಕ್ಕನನ್ನು ಸಂಜೆಯೂ ಲಾಂಚಿನಲ್ಲಿ ಮನೆಗೆ ಕಳಿಸುತ್ತಿದ್ದ. ಆ ವರದಿಯನ್ನು ತಳ್ಳಿಹಾಕಿ ಎಂದು ಮುನ್ನೂರ ಹನ್ನೆರಡು ಸಹಿ ಹಾಕಿಸಿದವಳು ತಾನೇ.

ವಿಷಯ ಕೇಳಿದ ಮೇಡಂ, ನಿನ್ನ ತರಗತಿಯನ್ನು ನಾನು ನೋಡಿಕೊಳ್ಳುತ್ತೇನೆ, ಬೋರ್ಡನ್ನೂ ಒರೆಸುತ್ತೇನೆ, ನೀನು ಹೋಗು ಎಂದರು. ಆರು ವರ್ಷದಲ್ಲಿ ಮೊದಲ ಸಲ.

* * *

ಅವಳು ದಡಕ್ಕೆ ಓಡಿಬಂದಾಗ ಹತ್ತು ಇಪ್ಪತ್ತನಾಲ್ಕು. ಹತ್ತೂವರೆಯ ಲಾಂಚ್ ನಿಂತಿತ್ತು. ಕ್ಯಾಬಿನ್ನಿಗೆ ನುಗ್ಗಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಗ್ರಾಫ್ ಅವರಿಗೆ ಅರ್ಥವಾಯಿತೋ ಇಲ್ಲವೋ, ಮಗಳು ಅರ್ಥವಾದಳು.

“ಈಗಲೇ ಬಿಡಪ್ಪಾ, ಬೇಗ,” ಅಂದಳು.

“ಇನ್ನೂ ಆರು ನಿಮಿಷ ಇದೆ.”

“ಅಪ್ಪಾ…”

“ಮೂವತ್ತೊಂದು ವರ್ಷದಲ್ಲಿ ಹೊತ್ತಿಗೆ ಮುಂಚೆ ಬಿಟ್ಟಿಲ್ಲ ಮಗಳೇ. ಓಡಿಕೊಂಡು ಬರೋರು ಯಾರಾದ್ರೂ ಇರ್ತಾರೆ.” ಆಮೇಲೆ ಅಂದರು, “ನಾನೂ ಅವನ ಮುಖಕ್ಕೆ ಬಾಗಿಲು ಹಾಕಿದೆ. ನನ್ನ ಪರವಾಗಿಯೂ ಕ್ಷಮೆ ಕೇಳು. ನಾನು ಲಾಂಚ್ ಬಿಟ್ಟು ಬರೋ ಹಾಗಿಲ್ಲ.”

ಆ ಆರು ನಿಮಿಷ ಅವಳಿಗೆ ಆರು ವರ್ಷವಾಯಿತು. ಕೊನೆಯ ಗಳಿಗೆಯಲ್ಲಿ ನಿಜಕ್ಕೂ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಓಡಿಬಂದು ಹತ್ತಿದ. ಅಪ್ಪ ಅವಳ ಕಡೆ ತಿರುಗಿ ನೋಡಲಿಲ್ಲ, ಗಂಟೆ ಹೊಡೆದರು.

ಈಚೆ ದಡದಲ್ಲಿ ಅಂಚೆ ಕಚೇರಿಯ ಮೇಲಿನ ಮಹಡಿಯೇ ಸಭೆಯ ಕೋಣೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಅಧ್ಯಕ್ಷೆ ಅವಳದೇ ಮನವಿಯನ್ನು ಓದಿ ಮುಗಿಸುತ್ತಿದ್ದರು. ಮೇಜಿನ ಆಚೆ ತುದಿಯಲ್ಲಿ ಅವನು ನಿಂತಿದ್ದ. ಮುಂದಿದ್ದ ಫೈಲು ಇನ್ನೂ ಬಿಚ್ಚಿರಲಿಲ್ಲ. ಮುಖ ಸಪ್ಪಗಿತ್ತು. ಅವಳನ್ನು ಕಂಡು ಕಣ್ಣು ಕೆಳಗೆ ಹಾಕಿದ.

ಪ್ರಯಾಣಿಕರೇ ಬೇಡವೆಂದ ಮೇಲೆ ವರದಿ ಓದುವುದರಲ್ಲಿ ಅರ್ಥವಿಲ್ಲ, ಲಾಂಚ್ ನಿಲ್ಲಿಸುವ ಠರಾವಿಗೆ ಹೋಗೋಣ ಎಂದು ಒಬ್ಬ ಸದಸ್ಯರು ಹೇಳುತ್ತಿದ್ದರು.

“ಆ ಮನವಿ ಬರೆದವಳು ನಾನು,” ಅಂದಳು ಅವಳು ಬಾಗಿಲಿಂದಲೇ. “ಎರಡು ನಿಮಿಷ ಕೊಡಿ. ಅದು ತಪ್ಪು.”

ಯಾರೂ ಹೂಂ ಅನ್ನುವ ಮೊದಲೇ ಬೋರ್ಡಿನ ಹತ್ತಿರ ಹೋಗಿದ್ದಳು. ಹತ್ತು ವರ್ಷದ ಅಭ್ಯಾಸ, ಸೀಮೆಸುಣ್ಣ ಹಿಡಿದ ಕೂಡಲೇ ಕೈ ತಾನಾಗಿ ಓಡಿತು. ಎರಡು ಗೆರೆ ಎಳೆದು ನಡುವೆ ಓರೆ ಗೆರೆ ಎಳೆದಳು. ಗಣಿತದವರು ಇದನ್ನು ಹೇಗೆ ಓದುತ್ತಾರೆ, ಅರ್ಥಶಾಸ್ತ್ರದವರು ಹೇಗೆ ಓದುತ್ತಾರೆ, ಎರಡನ್ನೂ ಹೇಳಿದಳು. ಹನ್ನೆರಡು ನಾಣ್ಯ ಎಂದು ತಾನು ಓದಿದ ಕಥೆ ಹೇಳಿದಳು. ಆಮೇಲೆ ಅವನ ಗೆರೆಯ ಪ್ರಕಾರವೇ ಹನ್ನೆರಡು ನಾಣ್ಯ ಮಾಡಿದರೆ ಎಷ್ಟು ಜನ ಹತ್ತುತ್ತಾರೆ ಎಂದು ತೋರಿಸಿದಳು. ಓರೆ ಗೆರೆ ನೆಟ್ಟಗಿನ ಗೆರೆಯನ್ನು ಮುಟ್ಟುವ ಜಾಗ ಅದು. ಸೊನ್ನೆ.

ಸೀಮೆಸುಣ್ಣ ಕೆಳಗಿಟ್ಟು ಸಭೆಯ ಕಡೆ ತಿರುಗಿದಳು.

“ಈ ಊರಿನ ಅರ್ಧ ಮಕ್ಕಳಿಗೆ ಬೀಜಗಣಿತ ಕಲಿಸಿದವಳು ನಾನು,” ಅಂದಳು. “ಗ್ರಾಫಿನ ಗೆರೆಗೆ ಹೆಸರು ಬರೀದಿದ್ರೆ ಅವರ ಅಂಕ ಕಳೀತೀನಿ. ಇಲ್ಲಿ ಹೆಸರಿರಲಿಲ್ಲ, ನಾನು ಕೇಳಲೂ ಇಲ್ಲ. ತಪ್ಪು ನಂದು, ಇವರದಲ್ಲ. ಮನವಿ ವಾಪಸ್ ತಗೋತೀನಿ. ಸಹಿ ಹಾಕಿದ ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೀನಿ. ದಯವಿಟ್ಟು ವರದಿ ಕೇಳಿ.”

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮಗಳ ಗ್ರಾಫಿಗೂ ಒಮ್ಮೆ ಅಂಕ ಕಳೆದಿದ್ದು ಇದೇ ಟೀಚರ್. ಫೈಲು ಬಿಚ್ಚಿ ಎಂದು ಅವನಿಗೆ ಸನ್ನೆ ಮಾಡಿದರು.

ಅವನು ನಲವತ್ತು ನಿಮಿಷ ಮಾತಾಡಿದ. ಕೊನೆಗೆ ಸಭೆ ಒಪ್ಪಿತು: ಮುಂದಿನ ತಿಂಗಳ ಒಂದನೇ ತಾರೀಖಿನಿಂದ ದರ ಆರು ನಾಣ್ಯ, ಮೂರು ತಿಂಗಳು ನೋಡೋಣ. ಹಿಂದಿನ ಸಾಲಿನಲ್ಲಿ ಯಾವಾಗ ಬಂದು ಕೂತಿದ್ದರೋ ಏನೋ, ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

* * *

ಹೊರಗೆ ಮೆಟ್ಟಿಲ ಮೇಲೆ ಇಬ್ಬರೇ.

“ಕ್ಷಮಿಸಿ,” ಅಂದಳು. “ನಮ್ಮಪ್ಪನ ಪರವಾಗಿ ಒಂದು, ನನ್ನ ಪರವಾಗಿ ಎಷ್ಟು ಬೇಕೋ ಅಷ್ಟು.”

ಅವನು ಜೇಬಿನಿಂದ ಆ ಹಾಳೆ ತೆಗೆದ. ಮಡಿಕೆಗಳು ಹರಿಯುವಷ್ಟು ಸಲ ಬಿಚ್ಚಿ ಮಡಚಿದ್ದ.

“ನೀವು ಲೆಕ್ಕ ಸರಿ ಅಂದ್ರಿ. ಹಾಗಾದ್ರೆ ಆರು ನಾಣ್ಯ ಅಂತ ನಿಮಗೆ ಗೊತ್ತಾಗಿದೆ ಅನ್ಕೊಂಡೆ. ಅದನ್ನ ಒಪ್ಪಿದ ಮೇಲೂ ಮನುಷ್ಯ ಸರಿಯಿಲ್ಲ ಅಂದ್ರೆ… ಉಳಿದದ್ದು ನಾನೇ ಅಲ್ವಾ? ನನ್ನ ಮನಸ್ಸಲ್ಲಿ ಇರೋದು ನಿಮಗೆ ಗೊತ್ತಾಗಿದೆ, ಇಷ್ಟ ಇಲ್ಲ ಅಂತ ಹೀಗೆ ಹೇಳಿದ್ದೀರಿ ಅಂತ ತಿಳ್ಕೊಂಡೆ.”

ಅವಳಿಗೆ ಅಳು ಬಂತು. ಜೊತೆಗೇ ನಗುವೂ ಬಂತು. ದಡದ ಜನಕ್ಕೆಲ್ಲ ಸಾವಿರ ಪ್ರಶ್ನೆ ಕೇಳಿದವನು ಈ ಒಂದನ್ನು ಬಂದು ಕೇಳಲಾಗಲಿಲ್ಲವೇ ಎಂದಳು.

“ಹೆದರಿಕೆ ಆಯ್ತು,” ಅಂದ ಅವನು ಸರಳವಾಗಿ. “ಬೇರೆಯವರ ಉತ್ತರ ಏನೇ ಬಂದ್ರೂ ಬರ್ಕೊಂಡು ಹೋಗ್ಬಹುದಿತ್ತು.”

ಅವಳು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕೆಂಪು ಪೆನ್ನಿನಿಂದ ‘ಮನುಷ್ಯ ಸರಿಯಿಲ್ಲ’ ಎನ್ನುವುದನ್ನು ಹೊಡೆದುಹಾಕಿ, ಟೀಚರ್ ಹಾಕುವ ದೊಡ್ಡ ಸರಿ ಗುರುತು ಹಾಕಿದಳು. ಕೆಳಗೆ ಸಹಿಯನ್ನೂ ಮಾಡಿದಳು.

* * *

ಒಂದನೇ ತಾರೀಖು ಅವಳು ಶಾಲೆಗೆ ರಜೆ ಹಾಕಿದಳು. ಇಬ್ಬರೂ ಇಡೀ ದಿನ ಲಾಂಚಿನ ಹಲಗೆಯ ಪಕ್ಕ ನಿಂತು ಹತ್ತುವವರನ್ನು ಎಣಿಸಿದರು. ಆರು ನಾಣ್ಯದಲ್ಲಿ ಖರ್ಚು ಹುಟ್ಟಬೇಕಾದರೆ ದಿನಕ್ಕೆ ಸಾವಿರದ ನೂರ ಅರವತ್ತೇಳು ಜನ ಬೇಕು. ಮಧ್ಯಾಹ್ನ ಜನ ಕಡಿಮೆಯಾದಾಗ ಅವನು ಉಗುರು ಕಚ್ಚತೊಡಗಿದ. ಅವಳು ಕೈ ಮೇಲೆ ಒಂದೇಟು ಹಾಕಿದಳು, ತರಗತಿಯಲ್ಲಿ ಹಾಕುವಂತೆಯೇ.

ಸಂಜೆ ಆರರ ಕೊನೆಯ ಲಾಂಚ್ ಆಚೆ ದಡದಲ್ಲಿ ನಿಂತಾಗ ಲೆಕ್ಕ ಸಾವಿರದ ನೂರ ನಲವತ್ತೊಂಬತ್ತರಲ್ಲಿತ್ತು. ಆ ಹೊತ್ತಿಗೆ ಯಾವಾಗಲೂ ಹತ್ತೋ ಹನ್ನೆರಡೋ ಜನ.

ಅಷ್ಟರಲ್ಲಿ ಆಸ್ಪತ್ರೆಯ ಕಡೆಯ ರಸ್ತೆಯಿಂದ ನಗು, ಹರಟೆ ಕೇಳಿಸಿತು. ಕೆಲಸ ಮುಗಿಸಿದ ಹೆಂಗಸರ ಗುಂಪು. ಎಲ್ಲರಿಗಿಂತ ಮುಂದೆ ಆ ಅಕ್ಕ. ಸಂಜೆಯ ಬೆಳಕಿನಲ್ಲಿ ಅವರ ಮುಖವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

“ಏನ್ ಟೀಚರ್, ಹಾಗೆ ನೋಡ್ತೀರಾ?” ಅಂದರು ಅಕ್ಕ ಹಲಗೆ ಹತ್ತುತ್ತ. “ಇವತ್ತು ಬೆಳಕಿರುವಾಗಲೇ ಮನೆ ಸೇರ್ತೀನಿ.”

ಅವಳ ಕಣ್ಣು ಮಂಜಾಗಿ ಎಣಿಕೆಯೇ ತಪ್ಪಿತು. ಅವನದು ತಪ್ಪಲಿಲ್ಲ. ಮೂವತ್ತೊಂದು ಜನ. ಒಟ್ಟು ಸಾವಿರದ ನೂರ ಎಂಬತ್ತು.

ಅಪ್ಪ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ ಎಷ್ಟು ಎಂದು ಕೇಳಿದರು. ಅವನು ಹೇಳಿದ. ಅಪ್ಪ ಗಂಟೆಯನ್ನು ಎರಡು ಸಲ ಹೊಡೆದರು. ಯಾವತ್ತೂ ಒಂದೇ ಸಲ ಹೊಡೆಯುವವರು.

ಲಾಂಚ್ ದಡ ಬಿಟ್ಟು ನಿಧಾನವಾಗಿ ಈಚೆ ದಡದ ಕಡೆ ತಿರುಗಿತು. ಒಳಗೆ ಕೂರಲು ಜಾಗವಿರಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತರು. ಈಗೀಗ ಅವನಿಗೂ ಕಂಬಿ ಇರುವುದು ಗೊತ್ತಿತ್ತು.

“ನಿಮ್ಮನ್ನ ಒಂದು ಪ್ರಶ್ನೆ ಕೇಳಬೇಕು,” ಅಂದಳು ಅವಳು. “ದರ ಎಷ್ಟಾದರೆ ನೀವು ಈ ದಡಕ್ಕೆ ಬರೋದನ್ನ ಬಿಡ್ತೀರಿ?”

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಎಣಿಕೆಯ ಹಾಳೆಯ ಹಿಂದೆ ಎರಡು ಗೆರೆ ಎಳೆದು, ಈ ಸಲ ಎರಡಕ್ಕೂ ಹೆಸರು ಬರೆದ. ಆಮೇಲೆ ನಡುವೆ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದೇ ಗೆರೆ ಎಳೆದು ಅವಳ ಕೈಗೆ ಕೊಟ್ಟ.

“ನಿಮ್ಮ ಪದ್ಧತಿಯಲ್ಲಿ ಬೇಕಾದ್ರೆ ಮಲಗಿಸಿ ಬರೆದುಕೊಡ್ತೀನಿ,” ಅಂದ.

ಅವಳು ಹಾಳೆಯನ್ನು ಮಡಚಿ ಚೀಲದ ಹೊರಗಿನ ಜೇಬಿನಲ್ಲಿ, ಶಾರ್ಪ್‌ನರ್ ಪಕ್ಕ ಇಟ್ಟುಕೊಂಡಳು. ಕಂಬಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

“ಬೇಡ,” ಅಂದಳು. “ನನಗೀಗ ಓದೋಕೆ ಬರುತ್ತೆ.”